ಯಾರಿಗೂ ಬೇಡದ ಸಾಲುಗಳು

ಗ್ರೇಮ್ ಲಾಕ್ಯರ್ ಒಂಬತ್ತು ವರ್ಷ ಕೂತು ಬರೆದ ನಾನೂರು ಸಾಲುಗಳನ್ನು ಟ್ಯಾಮ್ಸಿನ್ ಪಾಸ್ಕೋ ಒಂದೇ ಬೆಳಗಿನಲ್ಲಿ ನಲವತ್ತಕ್ಕೆ ಇಳಿಸಿದಳು. ಅವನ ಹೊಟ್ಟೆಗೆ ಬೆಂಕಿ ಬಿದ್ದದ್ದು ಅವತ್ತು. ಹೋಬಾರ್ಟ್ ಬಂದರಿನ ಪಕ್ಕದ ಆ ಪುಟ್ಟ ಸಾಫ್ಟ್‌ವೇರ್ ಕಂಪನಿಯ, ಸ್ಕಾಲಾ ಎಂಬ ಭಾಷೆಯ ಪ್ರಾಜೆಕ್ಟಿನಲ್ಲಿ ಯಾವ ಕೋಡನ್ನು ಎಲ್ಲಿಂದ ತಂದು ಹೇಗೆ ಕಟ್ಟಬೇಕೆಂದು ಹೇಳುವ ಬಿಲ್ಡ್ ಸಾಲುಗಳು ಅವು. ಕೆಲವು ಯಾಕಿವೆ ಎಂಬುದು ಗ್ರೇಮ್‌ಗೇ ಮರೆತುಹೋಗಿತ್ತು, ನಿಜ. ಹಾಗಂತ ಕಿತ್ತು ಎಸೆಯುವುದೇ? ಎಂಟು ತಿಂಗಳ ಹಿಂದೆ ಬಂದವಳು, ‘ಯಾರಿಗೂ ಬೇಡದ ಸಾಲುಗಳನ್ನು ತೆಗೆದಿದ್ದೇನೆ’ ಎಂದು ಟಿಪ್ಪಣಿ ಬೇರೆ ಬರೆದಿದ್ದಳು. ಮಾಲಕಿ ನೋರೀನ್ ಫೇಹಿ ಮೆಚ್ಚಿ ಅವಳಿಗೆ ಸ್ಕ್ಯಾಲಪ್ ಪೈ ಎಂಬ ಚಿಪ್ಪುಮೀನಿನ ತಿಂಡಿ ತರಿಸಿಕೊಟ್ಟಳು.

ಶುಕ್ರವಾರ ಹನ್ನೊಂದಕ್ಕೆ ಫೆರಿ ಕಂಪನಿಯವರು ತಮ್ಮ ಹೊಸ ವೇಳಾಪಟ್ಟಿಯ ಪುಟ ನೋಡಲು ಬರುವವರಿದ್ದರು. ತೋರಿಸುವವಳು ಟ್ಯಾಮ್ಸಿನ್. ಅದು ಸುಸೂತ್ರವಾಗಿ ನಡೆದರೆ ತಂಡದ ಮುಖ್ಯಸ್ಥೆಯೂ ಅವಳೇ ಎಂದು ನೋರೀನ್ ಬಾಯಿಬಿಟ್ಟೇ ಹೇಳಿದ್ದಳು. ಆ ಜಾಗಕ್ಕಾಗಿ ಗ್ರೇಮ್ ಆರು ವರ್ಷದಿಂದ ಬಾಯಿ ಬಿಟ್ಟುಕೊಂಡು ಕಾದಿದ್ದ.

ಉಪಾಯ ಸೋಮವಾರ ಸ್ನಾನ ಮಾಡುವಾಗ ಹೊಳೆಯಿತು, ಮತ್ತು ಅದರ ಚೆಂದಕ್ಕೆ ಅವನು ತಾನೇ ಮಾರುಹೋದ. ಪುಟದ ಅಚ್ಚನ್ನು, ಅಂದರೆ ಟೆಂಪ್ಲೇಟನ್ನು, ಯಂತ್ರ ಮೊದಲು ಸ್ಕಾಲಾ ಕೋಡಾಗಿ ಮಾರ್ಪಡಿಸುತ್ತದೆ, ಆಮೇಲೆ ಕಂಪೈಲ್ ಮಾಡಿ ಓಡಬಲ್ಲ ರೂಪಕ್ಕೆ ತರುತ್ತದೆ. ಹೀಗೆ ಮಾರ್ಪಟ್ಟ ಕೋಡಿನ ಇನ್ನೊಂದು ಪ್ರತಿಯನ್ನು ಯಾವುದೋ ಮೂಲೆಯ ಫೋಲ್ಡರಿನಲ್ಲಿ ಇಟ್ಟು, ಅಲ್ಲೂ ನೋಡು ಎಂದು ಬಿಲ್ಡಿಗೆ ಒಂದು ಸಾಲು ಸೇರಿಸಿದರೆ ಸಾಕು. ಒಂದೇ ಹೆಸರಿನ ಇಬ್ಬರನ್ನು ಕಂಡು ಕಂಪೈಲರ್ ಮುಷ್ಕರ ಹೂಡುತ್ತದೆ. ಗ್ರೇಮ್ ಅಚ್ಚುಕಟ್ಟಿನ ಮನುಷ್ಯ. ತನ್ನ ಕಂಪ್ಯೂಟರಿನಲ್ಲಿ ಈ ಕೆಲಸಕ್ಕೆಂದೇ ಒಂದು ಫೋಲ್ಡರ್ ಮಾಡಿ, ಅದಕ್ಕೊಂದು ಹೆಸರಿಟ್ಟು, ಒಬ್ಬನೇ ನಕ್ಕ. ಅದೇ ಹೆಸರಿನ ಹಳೆಯ ವೇಳಾಪಟ್ಟಿಯ ಟೆಂಪ್ಲೇಟನ್ನು ಅಲ್ಲೇ ಕಂಪೈಲ್ ಮಾಡಿದ, ಹುಟ್ಟಿದ ಕೋಡನ್ನು ಪೆನ್‌ಡ್ರೈವಿಗೆ ಹಾಕಿಕೊಂಡ. ಫೋಲ್ಡರ್ ಅಳಿಸಿದ. ಕಸದ ಬುಟ್ಟಿಯನ್ನೂ ಖಾಲಿ ಮಾಡಿದ.

ಉಳಿದದ್ದು ಟ್ಯಾಮ್ಸಿನ್ ಹೆಸರಿನಲ್ಲೇ ಅದನ್ನು ಒಳಗೆ ಸೇರಿಸುವುದು. ಅದಕ್ಕೆ ಆಫೀಸಿನ ಸಂಪ್ರದಾಯವೇ ಬಾಗಿಲು ತೆರೆದಿತ್ತು. ಯಾರಾದರೂ ಕಂಪ್ಯೂಟರಿಗೆ ಬೀಗ ಹಾಕದೆ ಎದ್ದು ಹೋದರೆ, ‘ಸೋಮವಾರ ಎಲ್ಲರಿಗೂ ನನ್ನ ಕಡೆಯಿಂದ ಲ್ಯಾಮಿಂಗ್ಟನ್ ಕೇಕ್’ ಎಂದು ಅವರ ಹೆಸರಿನಲ್ಲಿ ಬೇರೆಯವರು ಸಂದೇಶ ಕಳಿಸಬಹುದು. ಕೇಕ್ ತರಲೇಬೇಕು. ಟ್ಯಾಮ್ಸಿನ್ ಈಗಾಗಲೇ ಮೂರು ಸಲ ತಂದಿದ್ದಳು.

ಶುಕ್ರವಾರ ಹತ್ತೂವರೆಗೆ ಅವಳು ಪ್ರೊಜೆಕ್ಟರಿನ ತಂತಿ ಹುಡುಕಿಕೊಂಡು ಹೋದಳು, ಬೀಗ ಹಾಕದೆ. ಗ್ರೇಮ್ ಅವಳ ಕುರ್ಚಿಯಲ್ಲಿ ಕೂತ. ಎರಡು ನಿಮಿಷದ ಕೆಲಸ. ಪೆನ್‌ಡ್ರೈವಿನ ಕಡತ ಹಾಕಿ, ಸಾಲು ಸೇರಿಸಿ, ಕಳಿಸುವಷ್ಟರಲ್ಲಿ ನೋರೀನ್ ಚಹಾದ ಲೋಟ ಹಿಡಿದು ಅತ್ತ ಬಂದಳು. ಅವನು ಪಕ್ಕನೆ ಸಂದೇಶದ ಕಿಟಕಿ ತೆರೆದ.

“ಇವತ್ತೂ ಹಂಗೇ ಬಿಟ್ಟು ಹೋದ್ಲಾ? ನಂಗೆ ಜಾಮ್ ಇರೋದೇ ಬೇಕು ಅಂತ ಬರಿ,” ಅಂದು ಅವಳು ಮುಂದಕ್ಕೆ ಹೋದಳು.

ಅವನು ಜಾಮ್ ಇರುವ ಕೇಕನ್ನೇ ಬರೆದ.

ಹನ್ನೊಂದಕ್ಕೆ ಫೆರಿಯ ನಾಲ್ವರು ಬಂದು ಕೂತರು. ಎಲ್ಲರೆದುರು ಹೊಸದಾಗಿ ಬಿಲ್ಡ್ ಮಾಡಿಯೇ ತೋರಿಸಬೇಕೆಂಬುದು ನೋರೀನಳ ಹಠ. ಟ್ಯಾಮ್ಸಿನ್ ಗುಂಡಿ ಒತ್ತಿದಳು. ಗೋಡೆಯ ತುಂಬ ಕೆಂಪು ಅಕ್ಷರ. ಟ್ಯಾಮ್ಸಿನ್ ಬೆಳಗ್ಗೆ ಸರಿ ಇತ್ತು ಎಂದು ಎರಡು ಸಲ ಹೇಳಿದಳು, ಮತ್ತೆ ಗುಂಡಿ ಒತ್ತಿದಳು. ಗ್ರೇಮ್‌ಗೆ ಒಂದು ಗಳಿಗೆ ಪಾಪ ಅನ್ನಿಸಿತು, ಆದರೆ ಆ ಗಳಿಗೆಯನ್ನೂ ಅವನು ಲೆಕ್ಕಕ್ಕೆ ಹಿಡಿದಿದ್ದ. ಮನಸ್ಸಿನಲ್ಲೇ ನೂರರವರೆಗೆ ಎಣಿಸಿ ಎದ್ದ.

“ಸ್ವಲ್ಪ ಸರಿ ತಾಯಿ, ನಾನ್ ನೋಡ್ತೀನಿ.”

ಅಲ್ಲಿ ನೋಡಿದ, ಇಲ್ಲಿ ಕೆದಕಿದ, ಗಲ್ಲ ಕೆರೆದುಕೊಂಡ. ಏಳನೆಯ ನಿಮಿಷಕ್ಕೆ ಸರಿಯಾಗಿ ಆ ಸಾಲನ್ನು ‘ಕಂಡುಹಿಡಿದು’ ಅಳಿಸಿದ. ಪುಟ ಮೂಡಿತು. ಫೆರಿಯವರು ಮೇಜು ತಟ್ಟಿದರು, ನೋರೀನ್ ಅವನ ಬೆನ್ನು ತಟ್ಟಿದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಪಾಠ ಮಾಡುವ ಚಪಲ ಯಾರನ್ನು ಬಿಟ್ಟಿದೆ? ಅವಸರ ಮಾಡಿದರೆ ಎಂಥೆಂಥ ಕಸ ಒಳಗೆ ಸೇರುತ್ತದೆ ನೋಡಿ ಎನ್ನುತ್ತ, ಆ ಕಳ್ಳ ಕಡತವನ್ನೇ ಗೋಡೆಯ ಮೇಲೆ ತೆರೆದು, ಮೇಲಿನಿಂದ ಕೆಳಗಿನವರೆಗೂ ನಿಧಾನವಾಗಿ ಸರಿಸಿದ.

ಟೆಂಪ್ಲೇಟನ್ನು ಕೋಡಾಗಿ ಮಾರ್ಪಡಿಸುವ ಯಂತ್ರ, ಮೂಲ ಎಲ್ಲಿಂದ ಬಂತೆಂಬ ಅಡಿಬರಹವನ್ನು ಪ್ರತಿ ಕಡತದ ಕೊನೆಗೂ ತಾನಾಗಿಯೇ ಬರೆದಿಡುತ್ತದೆ. ಅದು ಕಣ್ಣಿಗೆ ಕಿರಿಕಿರಿಯೆಂದು ಒಂಬತ್ತು ವರ್ಷದ ಹಿಂದೆ ಗ್ರೇಮ್‌ನೇ ಬಿಲ್ಡಿನಲ್ಲಿ ಒಂದು ಸಾಲು ಬರೆದು, ಅದು ಅಳಿಸಿಹೋಗುವಂತೆ ಮಾಡಿ, ಮರೆತೂಬಿಟ್ಟಿದ್ದ. ಈಗ ಗೋಡೆಯ ಮೇಲೆ ಮೊಳದುದ್ದದ ಅಕ್ಷರಗಳಲ್ಲಿ ಆ ಅಡಿಬರಹ ನಿಂತಿತ್ತು: ‘ಮೂಲ: ಗ್ರೇಮ್ ಲಾಕ್ಯರ್ / ಟ್ಯಾಮ್ಸಿನ್‌ಗೆ ಪಾಠ / ವೇಳಾಪಟ್ಟಿ.’ ಟ್ಯಾಮ್ಸಿನ್ ಅದನ್ನು ಕೊನೆಯವರೆಗೂ ಓದಿ, ಅವನ ಕಡೆ ತಿರುಗಿ ಮೆಲ್ಲಗೆ ಕೇಳಿದಳು, “ಆ ಸಾಲನ್ನೂ ನಾನೇ ತೆಗ್ದಿದ್ದು. ನಿಂಗೆ ಬೇಕಿತ್ತು ಅಂತ ಅವತ್ತೇ ಒಂದ್ ಮಾತು ಹೇಳ್ಬಾರ್ದಿತ್ತಾ, ಗ್ರೇಮ್?”