ನಡುವಿನಿಂದ ನೋಡಿದವನು

ಮಿಸ್ ಎಡಿತ್ ಎಂಟ್ವಿಸಲ್ ಪಿಯಾನೋದ ಮುಚ್ಚಳದ ಮೇಲೆ ತಲೆಯಿಟ್ಟು ಕೂತಿದ್ದರು. ನಿದ್ದೆ ಹೋಗಿದ್ದಾರೆಂದೇ ಅಂದುಕೊಂಡೆ. ಹತ್ತಿರ ಹೋದ ಮೇಲೆ ಕುತ್ತಿಗೆಗೆ ಬಿಗಿದಿದ್ದ ಕಿಟಕಿಪರದೆಯ ಹಗ್ಗ ಕಂಡಿತು.

1936ರ ಅಕ್ಟೋಬರ್, ಒಂದು ಗುರುವಾರ, ಸಂಜೆ ಎಂಟು ಗಂಟೆ. ಐದೂವರೆಯವರೆಗೆ ಪಿಯಾನೋ ಕೇಳುತ್ತಿತ್ತು, ಆಮೇಲೆ ನಿಂತಿತು ಎಂದರು ಪಕ್ಕದ ಮನೆಯವರು. ಹಿಂದಿನ ಕಿಟಕಿ ತೆರೆದಿತ್ತು. ಅದರ ಕೆಳಗೆ ಒದ್ದೆಯಾದ ತೊಗಲಿನ ಅರಿವೆಯೊಂದು ಬಿದ್ದಿತ್ತು — ಕಿಟಕಿಗಾಜು ಒರೆಸುವವರು ಇಟ್ಟುಕೊಳ್ಳುವಂಥದು.

"ಯಾರದ್ದು ಇದು?" ಇನ್ಸ್‌ಪೆಕ್ಟರ್ ಈನಕ್ ಹೋಲ್ಡನ್ ಕೇಳಿದರು.

"ಆರ್ಥರ್ ಕ್ಲೆಗ್‌ದು ಸರ್. ಈ ಬೀದಿ ಕಿಟಕಿ ಎಲ್ಲಾ ಒರೆಸೋನು ಅವನೇ. ಹೋದ ವಾರ ಪಿಂಗಾಣಿ ನಾಯಿಬೊಂಬೆ ಒಡೆದುಹಾಕಿದ ಅಂತ ಈಯಮ್ಮ ಬೀದೀಲಿ ನಿಂತು ಬೈದಿದ್ರು. ಅವನೂ ಬಾಯಿಗೆ ಬಂದಂಗೆ ತಿರುಗಿ ಬೈದಿದ್ದ."

"ಕರ್ಕೊಂಡ್ ಬಾ, ಪಿಲ್ಲಿಂಗ್."

ಪಿಲ್ಲಿಂಗ್ ಎಂದರೆ ನಾನು. ಥಾರ್ನ್‌ಶಾ ಊರಿನ ಠಾಣೆಯಲ್ಲಿ ಹದಿನಾರು ವರ್ಷ ಸಾರ್ಜೆಂಟ್. ಲ್ಯಾಂಕಾಶೈರಿನ ಗಿರಣಿ ಹೊಗೆಯಲ್ಲಿ ಹುಟ್ಟಿ ಬೆಳೆದವನು. ಅಕ್ಷರ ಅಚ್ಚುಕಟ್ಟು, ಟೈಪಿಂಗ್ ಇನ್ನೂ ಅಚ್ಚುಕಟ್ಟು ಎಂದು ಠಾಣೆಯಲ್ಲಿ ನನಗೆ ಹೆಸರಿತ್ತು. ಆ ಹೆಸರಿಗೆ ಬೆಂಕಿ ಬೀಳಲಿ.

ಆರ್ಥರ್ ಕ್ಲೆಗ್ ಬಂದ. ಮೂವತ್ತರ ಆಸುಪಾಸಿನ ಸಣಕಲು ಮನುಷ್ಯ.

"ಐದೂವರೆಯಿಂದ ಎಂಟರವರೆಗೆ ಎಲ್ಲಿದ್ದೆ?"

"ಅಲ್ಬಿಯನ್‌ನಲ್ಲಿ, ಸಿನಿಮಾ ನೋಡ್ತಿದ್ದೆ. ಐದೂಕಾಲಿಗೆ ಹೋದೆ, ಮುಕ್ಕಾಲು ಎಂಟಕ್ಕೆ ಬಂದೆ."

"ನಿನ್ನನ್ನ ಯಾರು ನೋಡಿದ್ರು?"

"ಕತ್ತಲಲ್ಲಿ ಯಾರ್ ಯಾರನ್ನ ನೋಡ್ತಾರೆ ಸ್ವಾಮಿ? ಎಲ್ರೂ ಪರದೆ ನೋಡ್ತಿದ್ರು."

"ನಿನ್ನ ತೊಗಲಿನ ಅರಿವೆ ಆ ಮನೆಗೆ ಹೇಗೆ ಬಂತು?"

"ಮಂಗಳವಾರವೇ ಕಳೆದುಹೋಗಿತ್ತು. ಸಿರಿಲ್ ಎಂಟ್ವಿಸಲ್ ಅವರ ಹ್ಯಾಟ್ ಅಂಗಡಿ ಗಾಜು ಒರೆಸಿದ ಮೇಲೆ ಕಾಣಲೇ ಇಲ್ಲ."

"ಹೌದಾ? ಹಾಗಾದ್ರೆ ಸಿನಿಮಾ ಕಥೆ ಹೇಳು."

ಅವನು ಹೇಳಿದ. ಆ ವಾರ ಊರೆಲ್ಲ ಅದೇ ಚಿತ್ರದ ಮಾತು. ಒಬ್ಬ ಗಡಿಯಾರ ರಿಪೇರಿಯವನು, ಒಬ್ಬಳು ಶ್ರೀಮಂತ ವಿಧವೆ. ಅವಳಿಗೆ ಯಾರೋ ವಿಷ ಹಾಕುತ್ತಾರೆ, ತಪ್ಪು ಈ ಬಡಪಾಯಿಯ ತಲೆಗೆ ಬರುತ್ತದೆ, ಅವನು ಓಡುತ್ತಾನೆ. ನಾನೂ ಹೆಂಡತಿಯ ಜೊತೆ ನೋಡಿದ್ದೆ. ಆರ್ಥರ್ ಅದನ್ನು ಹಿಂದುಮುಂದಾಗಿ ಹೇಳಿದ. ಶೀಘ್ರಲಿಪಿಯಲ್ಲಿ ಹಾಗೇ ಇಳಿಸಿಕೊಂಡೆ. ಟೈಪ್ ಮಾಡುವಾಗ ಮೊದಲಿನದನ್ನು ಮೊದಲು, ಕೊನೆಯದನ್ನು ಕೊನೆಗೆ ಇಟ್ಟು ಓರಣ ಮಾಡಿದೆ. ಅವನು ಓದದೆಯೇ ಸಹಿ ಹಾಕಿದ.

ಮರುದಿನ ಹೋಲ್ಡನ್ ಆ ಹಾಳೆ ಓದಿ ಒಂದು ಸಾಲಿಗೆ ಬೆರಳಿಟ್ಟರು.

"ಊಟದ ಮನೆಗೆ ಡಾಕ್ಟರ್ ಬ್ಯಾಗ್ ಹಿಡಿದು ಬಂದಾಗಲೇ ನಿನ್ನ ಮೈ ಉರೀತು ಅಂದಿದ್ದೀಯ. ಯಾಕೆ?"

"ಅವನೇ ತಾನೇ ವಿಷ ಹಾಕೋನು? ನಗ್ತಾ ನಗ್ತಾ ಬರ್ತಾನೆ, ಹಲ್ಕಾ!"

"ಅದು ಚಿತ್ರದ ಮೊದಲ ದೃಶ್ಯ. ಅವನು ಇನ್ನೂ ಏನೂ ಮಾಡಿಲ್ಲ. ನಿನಗೆ ಆಗಲೇ ಹೇಗೆ ಗೊತ್ತಾಯ್ತು?"

ಆರ್ಥರ್ ಪೆಚ್ಚಾದ. "ಹೇಗೆ ಅಂದ್ರೆ? ಗೊತ್ತಿತ್ತು, ಅಷ್ಟೆ." ಇವರೇನು ಕೇಳುತ್ತಿದ್ದಾರೆ ಎಂಬಂತೆ ನನ್ನ ಮುಖ ನೋಡಿದ. ನಾನು ಬರೆಯುತ್ತಿದ್ದೆ.

ಹೋಲ್ಡನ್ ಮೆಥಡಿಸ್ಟ್ ಎಂಬ ಕಟ್ಟುನಿಟ್ಟಿನ ಕ್ರೈಸ್ತ ಪಂಗಡದವರು. ಹೆಂಡ ಮುಟ್ಟಿದವರಲ್ಲ, ಇಸ್ಪೀಟು ಹಿಡಿದವರಲ್ಲ. ಸಿನಿಮಾ ಮಂದಿರದ ಹೊಸಿಲು ತುಳಿದವರೇ ಅಲ್ಲ.

ಸತ್ತವರ ಅಣ್ಣನ ಮಗ ಸಿರಿಲ್ ತಾನಾಗಿಯೇ ಠಾಣೆಗೆ ಬಂದ. ಕಣ್ಣು ಕೆಂಪಾಗಿತ್ತು, ಕರವಸ್ತ್ರ ಮಾತ್ರ ಇಸ್ತ್ರಿ ಮಾಡಿದ್ದು.

"ಅಯ್ಯೋ, ಅತ್ತೆ ಸಾಯುವಾಗ ನಾನು ಅಲ್ಬಿಯನ್‌ನಲ್ಲಿ ಕೂತಿದ್ದೆ ಇನ್ಸ್‌ಪೆಕ್ಟರೇ! ಐದೂಕಾಲಿಗೆ ಟಿಕೆಟ್ ತಗೊಂಡೆ. ಟಿಕೆಟ್ ಕೊಡೋ ಹುಡುಗಿ ನನ್ನ ಹೊಸ ಹ್ಯಾಟ್ ನೋಡಿ ತಮಾಷೆನೂ ಮಾಡಿದ್ಲು."

"ನೀವೂ ಅಲ್ಲೇ ಇದ್ರಾ? ಚಿತ್ರ ಹೇಗಿತ್ತು?"

"ಊಟದ ಹೊತ್ತಿಗೆ ಆ ವಿಧವೆಯ ಮೈದುನ ಜಗಳ ತೆಗೀತಾನಲ್ಲ, ಆಗಲೇ ಇವನೇ ಕೊಲೆಗಾರ ಅಂದ್ಕೊಂಡೆ. ಕೊನೇವರೆಗೂ ಅವನ ಮೇಲೇ ಅನುಮಾನ. ಡಾಕ್ಟರ್ ಅಂತ ಗೊತ್ತಾದಾಗ ಸೀಟಿಂದ ಎದ್ದೇಬಿಟ್ಟೆ!"

ಟಿಕೆಟ್ ಹುಡುಗಿಗೆ ಹ್ಯಾಟೂ ಹೊತ್ತೂ ನೆನಪಿತ್ತು. ಆರ್ಥರನ ನೆನಪು ಅವಳಿಗಿರಲಿಲ್ಲ.

ನ್ಯಾಯಾಲಯದಲ್ಲಿ ಸರಕಾರಿ ವಕೀಲರು ಆ ಒಂದು ಸಾಲನ್ನು ಮೂರು ಸಲ ಓದಿದರು. ಮೊದಲ ದೃಶ್ಯದಲ್ಲೇ ಕೊಲೆಗಾರನನ್ನು ಬಲ್ಲ ಪ್ರೇಕ್ಷಕ! ಯಾರದೋ ಬಾಯಲ್ಲಿ ಕಥೆ ಕೇಳಿ ಬಂದವನಲ್ಲದೆ ಇನ್ನಾರು? ಆರ್ಥರ್ ಏನೋ ವಿವರಿಸಲು ಹೋದ. "ಹೌದು ಅಥವಾ ಇಲ್ಲ, ಅಷ್ಟೇ ಹೇಳು" ಎಂದರು. ಅವನ ಕಡೆಯ ವಕೀಲರು ಒಪೆರಾ ನೋಡುವ ಜನ, ಸಿನಿಮಾ ಮಂದಿರ ಕಂಡವರಲ್ಲ; ಎದ್ದು ನಿಲ್ಲಲೂ ಇಲ್ಲ. ಹನ್ನೆರಡು ಜನ ಪಂಚರು ನಲವತ್ತು ನಿಮಿಷದಲ್ಲಿ ಬಂದರು. ಗಲ್ಲು.

ಆವತ್ತಿನಿಂದ ಆರ್ಥರನ ಹೆಂಡತಿ ನೆಲ್ಲಿ ದಿನವೂ ಠಾಣೆಗೆ ಬಂದಳು. ಸಂಜೆ ಗಿರಣಿ ಬಿಟ್ಟ ಕೂಡಲೇ ಬರುತ್ತಿದ್ದಳು, ತಲೆಯ ಶಾಲಿನಲ್ಲಿ ಹತ್ತಿಯ ಎಳೆಗಳು ಅಂಟಿಕೊಂಡಿರುತ್ತಿದ್ದವು.

"ಮಿಸ್ಟರ್ ಹೋಲ್ಡನ್, ಒಂದೇ ಒಂದು ಸಲ ಅಲ್ಬಿಯನ್ ಒಳಗೆ ಹೋಗಿ ಕೂತ್ಕೊಳ್ಳಿ. ನಿಮಗೇ ಗೊತ್ತಾಗುತ್ತೆ. ಅವರು ನಡುವೆ ಹೋಗಿದ್ದು. ಕೊನೆ ಮೊದಲು ನೋಡಿದ್ರು."

"ನಡುವೆ ಹೋದವನು ಕಥೆ ಮೊದಲಿಂದ ಹೇಗೆ ಹೇಳ್ತಾನಮ್ಮ? ಹೇಳಿಕೆ ನೋಡು, ಆರಂಭದಿಂದ ಕೊನೇತನಕ ಸರಿಯಾಗಿದೆ. ಅವನದೇ ಸಹಿ."

"ಅವರು ಹಂಗೆ ಹೇಳಿರೋಕೆ ಸಾಧ್ಯವೇ ಇಲ್ಲ!"

"ಮನೆಗೆ ಹೋಗಮ್ಮ. ದೇವರನ್ನ ನೆನಿ."

ನಾನು ಬೀರುವಿನ ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಸಹಿಯಾಗುವ ಹೇಳಿಕೆಯನ್ನು ತಿರುಚಿದೆ ಎಂದರೆ ಕೆಲಸ ಹೋಗುತ್ತದೆ. ಅದೂ ಅಲ್ಲದೆ ಕೊಂದವನು ಅವನೇ ತಾನೇ, ನಾಲ್ಕು ಸಾಲು ಹಿಂದುಮುಂದಾದರೆ ಏನೀಗ? ಹೀಗೆ ನನಗೆ ನಾನೇ ಹೇಳಿಕೊಂಡೆ. ಹತ್ತೊಂಬತ್ತು ದಿನ ಹೇಳಿಕೊಂಡೆ.

ಇಪ್ಪತ್ತನೆಯ ದಿನ, ಮಂಗಳವಾರ ಬೆಳಗ್ಗೆ ಎಂಟಕ್ಕೆ, ಆರ್ಥರ್ ಕ್ಲೆಗ್‌ನನ್ನು ಗಲ್ಲಿಗೇರಿಸಿದರು.

ಬುಧವಾರ ನೆಲ್ಲಿ ಬರಲಿಲ್ಲ. ಅವಳು ಬರುತ್ತಿದ್ದ ಹೊತ್ತಿಗೆ ಹೋಲ್ಡನ್ ಬಾಗಿಲನ್ನೇ ನೋಡುತ್ತಾ ಕೂತಿದ್ದರು. ಆಮೇಲೆ ಹ್ಯಾಟ್ ತೆಗೆದುಕೊಂಡು ಎದ್ದರು.

"ನಡಿ ಪಿಲ್ಲಿಂಗ್. ಆ ಹಾಳು ಜಾಗ ತೋರಿಸು."

ಜನ ಕೇಳಿದರೆಂದು ಅಲ್ಬಿಯನ್‌ನಲ್ಲಿ ಅದೇ ಚಿತ್ರವನ್ನು ಮತ್ತೆ ತರಿಸಿದ್ದರು. ನಾವು ಒಳಗೆ ಹೋದಾಗ ಪರದೆಯ ಮೇಲೆ ಆ ಗಡಿಯಾರದವನು ಕಲ್ಲಿದ್ದಲ ದೋಣಿಯಲ್ಲಿ ಅಡಗಿ ಕೂತಿದ್ದ.

"ಆಗಲೇ ಶುರುವಾಗಿದೆಯಲ್ಲ! ತಡವಾಗಿ ಬಂದ್ವಾ?"

"ಇಲ್ಲ ಸರ್. ಇಲ್ಲಿ ಎಲ್ರೂ ಹೀಗೇ. ಇಷ್ಟ ಬಂದಾಗ ಬರೋದು, ನೋಡೋಕೆ ಶುರು ಮಾಡಿದ ಜಾಗಕ್ಕೆ ಚಿತ್ರ ಸುತ್ತಿ ಬಂದಾಗ ಎದ್ದುಹೋಗೋದು. ಮಧ್ಯಾಹ್ನದಿಂದ ಆಟ ನಿಲ್ಲೋದೇ ಇಲ್ಲ."

"ಹ್ಯಾಟ್ ತೆಗೀರಿ ತಾತ, ನಿಮ್ಮ ತಲೆ ನೋಡೋಕೆ ನಾವು ಬಂದಿಲ್ಲ!" ಹಿಂದಿನಿಂದ ಒಬ್ಬಳು ಕೂಗಿದಳು. ಹೋಲ್ಡನ್ ಹ್ಯಾಟ್ ತೆಗೆದರು.

ಡಾಕ್ಟರನ ಗುಟ್ಟು ಬಯಲಾಯಿತು. ಚಿತ್ರ ಮುಗಿಯಿತು. ಸುದ್ದಿಚಿತ್ರ ಬಂತು, ಒಂದು ನಗೆಚಿತ್ರ ಬಂತು. ಮತ್ತೆ ಮೊದಲಿನಿಂದ ಕಥೆ ಶುರುವಾಯಿತು. ವಿಧವೆಯ ಊಟದ ಮನೆ, ಮೇಜಿನ ಮೇಲೆ ಹುರಿದ ಬಾತುಕೋಳಿ. ಬಾಗಿಲು ತೆರೆದು ಡಾಕ್ಟರ್ ಬ್ಯಾಗ್ ಹಿಡಿದು ನಗುತ್ತಾ ಬಂದ.

ಹೋಲ್ಡನ್ ನನ್ನ ತೋಳು ಹಿಡಿದರು.

"ಪಿಲ್ಲಿಂಗ್ — ಇವನು ಇನ್ನೂ ಏನೂ ಮಾಡಿಲ್ಲ. ಆದ್ರೂ ನನ್ನ ಮೈ ಉರೀತಿದೆ."

ಮೈದುನ ಎದ್ದು ಜಗಳ ತೆಗೆದ. ಅವನ ಮೇಲೆ ಅನುಮಾನಪಡುವವರು ನಮ್ಮ ಸಾಲಿನಲ್ಲಿ ಯಾರೂ ಇರಲಿಲ್ಲ. ಹೋಲ್ಡನ್ ತಟ್ಟನೆ ಎದ್ದು ಹೊರಗೆ ನಡೆದರು.

ಠಾಣೆಯಲ್ಲಿ ಅವರು ಒಂದೇ ಮಾತು ಹೇಳಿದರು: "ನಿನ್ನ ನೋಟ್‌ಬುಕ್."

ಶೀಘ್ರಲಿಪಿಯನ್ನು ಓದಿ ಹೇಳಿದೆ. ಮೊದಲ ಸಾಲೇ — "ಅವನು ಕಲ್ಲಿದ್ದಲ ದೋಣೀಲಿ ಅಡಗಿ ಕೂತಿದ್ದ." ಹೋಲ್ಡನ್ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮರುದಿನ ಬೆಳಗ್ಗೆ ಮೊದಲು ಹ್ಯಾಟ್ ಅಂಗಡಿಗೆ, ಆಮೇಲೆ ನೆಲ್ಲಿಯ ಮನೆಗೆ ಹೋದೆವು. ಅವಳು ಅಡುಗೆಮನೆಯಲ್ಲಿ ಕೋಟನ್ನೂ ಬಿಚ್ಚದೆ ಕೂತಿದ್ದಳು. ಒಲೆ ಹಚ್ಚಿರಲಿಲ್ಲ.

"ಕೊಂದವನು ಸಿರಿಲ್ ಎಂಟ್ವಿಸಲ್," ಹೋಲ್ಡನ್ ನಿಂತೇ ಹೇಳಿದರು. "ಅತ್ತೆ ಮನೇನ ಬೇರೆಯವರ ಹೆಸರಿಗೆ ಬರೆಯೋರಿದ್ರು. ಐದೂಕಾಲಿಗೆ ಎಲ್ಲರಿಗೂ ಕಾಣೋ ಹಾಗೆ ಟಿಕೆಟ್ ತಗೊಂಡ, ಪಕ್ಕದ ಬಾಗಿಲಿಂದ ಹೊರಗೆ ಹೋದ. ನಿನ್ನ ಗಂಡನ ಅರಿವೆ ಅವನೇ ಎತ್ತಿಟ್ಟುಕೊಂಡಿದ್ದ, ಒದ್ದೆ ಮಾಡಿ ಕಿಟಕಿ ಕೆಳಗೆ ಹಾಕಿದ."

"ಹೇಗೆ ಗೊತ್ತಾಯ್ತು?"

"ಅವನೇ ಹೇಳಿದ್ದ, ನನಗೆ ಕೇಳಿಸಲಿಲ್ಲ. ಮೈದುನ ಜಗಳ ಆಡಿದಾಗ ಅವನ ಮೇಲೆ ಅನುಮಾನ ಬಂತು, ಕೊನೇಲಿ ಡಾಕ್ಟರ್ ಅಂತ ತಿಳಿದು ಬೆಚ್ಚಿಬಿದ್ದೆ ಅಂದ. ಐದೂಕಾಲಿಗೆ ಒಳಗೆ ಹೋದವನು ಕೊನೇನ ಆರಕ್ಕೇ ನೋಡಿಬಿಡ್ತಾನೆ. ಆ ಜಗಳ ಬರೋದು ಏಳಕ್ಕೆ. ಡಾಕ್ಟರ್ ಅಂತ ಗೊತ್ತಿದ್ದವನು ಮೈದುನನ್ನ ಯಾಕೆ ಅನುಮಾನಿಸ್ತಾನೆ? ಮ್ಯಾಂಚೆಸ್ಟರಿನಲ್ಲಿ ಸೋಮವಾರವೇ ಮೊದಲಿಂದ ನೋಡಿಕೊಂಡು ಬಂದಿದ್ದನಂತೆ. ಈಗ ಎಲ್ಲಾ ಒಪ್ಪಿಕೊಂಡ. ನಿನ್ನ ಗಂಡ ಹೇಳಿದ್ದು ನಿಜ. ಅವನು ಅಲ್ಲೇ ಕೂತಿದ್ದ, ನಡುವಿನಿಂದ ನೋಡಿದ."

"ಆ ಕಾಗದದಲ್ಲಿ ಹಂಗಿರಲಿಲ್ಲ."

"ಇರಲಿಲ್ಲ. ಇವನು ಸರಿಮಾಡಿದ." ಹೋಲ್ಡನ್ ನನ್ನ ಕಡೆ ನೋಡಲಿಲ್ಲ.

"ಯಾಕೆ ಸಾರ್ಜೆಂಟ್?"

"ಓರಣವಾಗಿರಲಿ ಅಂತ," ಎಂದೆ.

ನೆಲ್ಲಿ ಅಳಲಿಲ್ಲ. ಎದ್ದು ಶಾಲು ಹೊದ್ದಳು.

"ಅವರ ತಪ್ಪಿಲ್ಲ ಅಂತ ಆಯ್ತಲ್ಲ. ಹಂಗಾದ್ರೆ ಅವರನ್ನ ನಂಗೆ ಕೊಡಿ. ನಮ್ಮಪ್ಪನ ಪಕ್ಕದಲ್ಲಿ ಜಾಗ ಇದೆ, ಮಣ್ಣು ಮಾಡ್ತೀನಿ. ಈಗಲೇ ಬರ್ತೀನಿ, ನಡೀರಿ."

ಗಲ್ಲಿಗೇರಿದವರನ್ನು ಸೆರೆಮನೆಯ ಗೋಡೆಯೊಳಗೇ ಹೂಳುತ್ತಾರೆ. ಹೆಸರಿನ ಕಲ್ಲು ಇಡುವುದಿಲ್ಲ, ಯಾರಿಗೂ ಹಿಂದಿರುಗಿಸುವುದಿಲ್ಲ. ಅದು ಅವಳಿಗೆ ಗೊತ್ತಿರಲಿಲ್ಲ. ನಮಗಿಬ್ಬರಿಗೂ ಗೊತ್ತಿತ್ತು. ಅವಳು ಬಾಗಿಲು ತೆರೆದು ಹಿಡಿದು ನಾವು ಹೊರಡಲೆಂದು ಕಾಯುತ್ತಾ ನಿಂತಳು.