ಏಳು ದಿನದ ಗಾಳಿ

"ನೇತ್ರಾ ಅವರೇ, ನೀವು ಬರೆದಿದ್ದೆಲ್ಲಾ ಸುಳ್ಳು!"

ಬಾಗಿಲಲ್ಲಿ ನಿಂತ ತಿರುಮಲೇಶನ ಆ ಒಂದು ಮಾತಿಗೆ ನೇತ್ರಾ ಹಿಟ್ಟು ಮೆತ್ತಿದ ಕೈಯನ್ನು ಬೆನ್ನ ಹಿಂದೆ ಸರಿಸಿದಳು.

ಆತ ವಿಜ್ಞಾನಿ. ಮನೆಯೊಳಗಿನ ಹೊಗೆ, ಧೂಳು ಹೆಂಗಸರ ಶ್ವಾಸಕೋಶಕ್ಕೆ ಏನು ಮಾಡುತ್ತವೆ ಎಂದು 2004ರ ಆ ಚಳಿಗಾಲದಲ್ಲಿ ಲಂಡನ್ನಿನ ಮನೆಮನೆ ತಿರುಗುತ್ತಿದ್ದ. ಕೆಂಟನ್‌ನ ಈ ಮನೆಯೊಡತಿ ಗಿರಿಜಾದೇವಿ ತಾನು ಒಲ್ಲೆನೆಂದು, ಗಾಳಿ ಅಳೆಯುವ ಪುಟ್ಟ ಯಂತ್ರವನ್ನು ಅಕ್ಕನ ಮಗಳು ನೇತ್ರಾಳ ಸೊಂಟಕ್ಕೆ ಕಟ್ಟಿಸಿದ್ದಳು. ಏಳು ದಿನ ಬಿಚ್ಚಬಾರದು. ಗಂಟೆಗಂಟೆಗೂ ಎಲ್ಲಿದ್ದೆ ಎಂದು ಡೈರಿಯಲ್ಲಿ ಬರೆಯಬೇಕು.

ಡೈರಿಯ ತುಂಬ ಪಾರ್ಕು, ಲೈಬ್ರರಿ, ಟ್ಯೂಬ್ ರೈಲು! ಯಂತ್ರದ ತುಂಬ ಬರೀ ಒಗ್ಗರಣೆ ಹೊಗೆ!

ಏನು ಹೇಳಿಯಾಳು? ಎಂ.ಎ. ಓದಿಸುತ್ತೇನೆಂದು ಬಿಜಾಪುರದಿಂದ ಕರೆತಂದ ಚಿಕ್ಕಮ್ಮ, ಪಾಸ್‌ಪೋರ್ಟನ್ನು ಬೀರುವಿನಲ್ಲಿಟ್ಟು ಕೀಲಿ ಹಾಕಿ ಎರಡು ವರ್ಷ. ಹೊಸ್ತಿಲು ದಾಟಿದರೆ ಪೊಲೀಸರು ಹಿಡಿಯುತ್ತಾರೆಂಬ ಹೆದರಿಕೆ ಬೇರೆ. ಪಾಪ, ಹುಡುಗಿ ನಂಬಿದ್ದಳು.

"ನಾಚಿಕಿ ಬಂತ್ರೀ..." ಅವಳ ಕಣ್ಣು ತುಂಬಿತು. "ದಿನಾ ಅಡಗಿಮನಿ, ಅಡಗಿಮನಿ ಅಂತ ಎಷ್ಟ ಸಲ ಬರೀಲಿ? ಎಲ್ಲೆಲ್ಲಿ ಹೋಗ್ಬೇಕಂತ ಆಸೆ ಇತ್ತೋ, ಅದನ್ನ ಬರದೆ."

ತಿರುಮಲೇಶ ತಲೆ ತಗ್ಗಿಸಿದ. "ನಿಮ್ಮ ಹೆಸರನ್ನ ಅಧ್ಯಯನದಿಂದ ತೆಗೆದುಬಿಟ್ಟೆ."

ಅಯ್ಯೋ! ಹಾಗಾದರೆ ಇವನು ಇನ್ನು ಬರುವುದೇ ಇಲ್ಲ...

"ಮಂಗಳವಾರ ನಾಲ್ಕು ಗಂಟೆಗೆ ಹತ್ತೇ ಹತ್ತು ನಿಮಿಷ ಗಾಳಿ ಚೆನ್ನಾಗಿತ್ತು," ಎಂದ ಅವನು. "ಡೈರಿಯಲ್ಲಿ ಅಲ್ಲಿ ಮಾತ್ರ ಏನೂ ಬರೆದಿಲ್ಲ. ಎಲ್ಲಿದ್ರಿ?"

"ಬಾಗಲದಾಗ. ನೀವು ಯಂತ್ರದ ಫಿಲ್ಟರ್ ಬದಲಿ ಮಾಡಾಕ ಬಂದಿದ್ರಲ್ರೀ... ಖರೇ ಇದ್ದದ್ದು ಅದೊಂದೇ. ಸುಳ್ಳಿನ ನಡುವ ಹ್ಯಾಂಗ ಬರೀಲಿ?"

ಅವನು ಕನ್ನಡಕ ತೆಗೆದು ಒರೆಸಿದ. ಮತ್ತೆ ಒರೆಸಿದ.

"ಅಧ್ಯಯನದಲ್ಲಿ ಇರೋರನ್ನ ನಾವು ಇಷ್ಟಪಡೋ ಹಾಗಿಲ್ಲ, ನೇತ್ರಾ. ಸುಳ್ಳು ಬರೆದ್ರಿ ಅಂತಷ್ಟೇ ಅಲ್ಲ... ಹೆಸರು ತೆಗೆದದ್ದು ಅದಕ್ಕೂ."

ಒಳಗಿನಿಂದ ಗಿರಿಜಾದೇವಿಯ ಕೂಗು. "ಏ ನೇತ್ರಾ! ಚಪಾತಿ ಯಾರು ಲಟ್ಟಸಬೇಕು?"

ನೇತ್ರಾ ಸರಸರನೆ ಅಡುಗೆಮನೆಗೆ ಹೋದಳು.

"ಚಿಗವ್ವ, ನನ್ನ ಪಾಸ್‌ಪೋರ್ಟ್ ಕೊಡು."

"ಹುಚ್ಚ ಹಿಡದೈತೇನ? ಹೊರಗ ಕಾಲಿಟ್ರ ಪೊಲೀಸ್ರು ಹಿಡೀತಾರ!"

"ಹಿಡದ್ರ ಹಿಡೀಲಿ. ನೀ ಕೊಡಲಿಲ್ಲಂದ್ರ, ಪಾಸ್‌ಪೋರ್ಟ್ ಬಚ್ಚಿಟ್ಟಿ ಅಂತ ಪೊಲೀಸ್ರನ್ನ ನಾನೇ ಕರೀತೀನಿ."

ಗಿರಿಜಾದೇವಿಗೆ ಗರ ಬಡಿದಂತಾಯಿತು. ಇಷ್ಟು ದಿನ ತಲೆ ಎತ್ತದ ಹುಡುಗಿ! ಹೋಗಿ ಬೀರು ತೆಗೆದಳು.

ಹಿಟ್ಟಿನ ಕೈಯಲ್ಲೇ ಪಾಸ್‌ಪೋರ್ಟ್ ಅವಚಿಕೊಂಡು ನೇತ್ರಾ ಹೊಸ್ತಿಲು ದಾಟಿದಳು. ಚಳಿಗೆ ಹಲ್ಲು ಕಟಕಟ. ಆದರೂ ಎದೆ ತುಂಬ ಉಸಿರೆಳೆದಳು.

ಗೇಟಿನ ಬಳಿ ಕಾದಿದ್ದ ತಿರುಮಲೇಶ ಡೈರಿಯ ಆ ಖಾಲಿ ಸಾಲು ತೆರೆದು ಪೆನ್ನು ಚಾಚಿದ. "ಈಗ ಎಲ್ಲಿದ್ದೀರಿ? ನಿಜ ಬರೀಬೇಕು!"

ಅವಳು ಬರೆದಳು: ಹೊರಗ.

"ಜೊತೆಗೆ ಯಾರು?"

"ಅದನ್ನ ನೀವ ಬರೀರಿ," ಎಂದು ನಾಚುತ್ತ ಪೆನ್ನು ಅವನ ಕೈಗಿತ್ತಳು.

ಅವನು ತನ್ನ ಹೆಸರು ಬರೆದ.