ಬೈಗುಳವನ್ನೂ ಬಿಡದೆ ಬರೆದವನು

"ಕಣ್ಣು ಎಲ್ಲಿಟ್ಟು ಬಂದಿದ್ದೀಯೋ? ಮನೇಲಾ?"

ಡರ್ವ್ಲಾ ಮಲ್ವಿ ಗೆರೆ ದಾಟಿ ಮೈದಾನದೊಳಗೆ ನುಗ್ಗಿಯೇ ಬಿಟ್ಟಳು. ಕೊನೆಯ ಸೀಟಿ ಊದಿ ಇನ್ನೂ ಒಂದು ನಿಮಿಷವಾಗಿರಲಿಲ್ಲ. ಅವಳ ತಂಡದ ಹುಡುಗರು ಕೆಸರಿನಲ್ಲಿ ಅಲ್ಲಲ್ಲೇ ಕುಸಿದು ಕೂತಿದ್ದರು. ರೆಫ್ರಿ ಲೋರ್ಕನ್ ಗಿಲ್‌ಹೀನಿ ಮಾತ್ರ ನಡುಮೈದಾನದಲ್ಲಿ ನೆಟ್ಟಗೆ ನಿಂತು ಪುಸ್ತಕದಲ್ಲಿ ಏನೋ ಗೀಚುತ್ತಿದ್ದ.

"ಮೇಡಂ, ದಯವಿಟ್ಟು ಗೆರೆಯ ಆಚೆ ಹೋಗಿ."

"ಮೇಡಂ ಅಂತೆ! ಮ್ಯಾಲಕಿ ಒದ್ದ ಚೆಂಡು ಕಂಬಗಳ ಒಳಗೇ ಹೋಯ್ತು. ಇಡೀ ಲೀಟ್ರಿಮ್ ಕೌಂಟಿ ನೋಡಿತು. ನಿಂಗೊಬ್ಬನಿಗೆ ಕಾಣಲಿಲ್ವಾ?"

ನಮ್ಮ ಕಡೆಯ ಫುಟ್‌ಬಾಲಿನಲ್ಲಿ ಚೆಂಡು ಅಡ್ಡಪಟ್ಟಿಯ ಮೇಲಿಂದ ಎರಡು ಕಂಬಗಳ ನಡುವೆ ಹಾದರೆ ಒಂದು ಪಾಯಿಂಟು. ಕಂಬದ ಬುಡದಲ್ಲಿ ಬಿಳಿ ಕೋಟು ತೊಟ್ಟು ನಿಂತ ಅಂಪೈರ್ ಬಿಳಿ ಬಾವುಟ ಎತ್ತಬೇಕು. ಎರಡೂ ಕಡೆ ಅಂಕ ಸಮನಾಗಿದ್ದಾಗ, ನಲವತ್ತನಾಲ್ಕು ವರ್ಷದ ಮ್ಯಾಲಕಿ ಏದುಸಿರು ಬಿಡುತ್ತಾ ಒದ್ದ ಚೆಂಡಿಗೆ ಅಂಪೈರ್ ಬಾವುಟ ಎತ್ತಲಿಲ್ಲ. ಎರಡೂ ಕೈಗಳನ್ನು ತಲೆಯ ಮೇಲೆ ಅಡ್ಡಡ್ಡ ಮಾಡಿ "ಹೊರಗೆ" ಎಂದುಬಿಟ್ಟ. ಎದುರಾಳಿ ಡ್ರಮ್‌ಲೆಕ್‌ನವರು ಆ ಚೆಂಡನ್ನೇ ಹೊಡೆದುಕೊಂಡು ಹೋಗಿ ಆಚೆ ತುದಿಯಲ್ಲಿ ಪಾಯಿಂಟು ಗಳಿಸಿದರು. ಅಲ್ಲಿಗೆ ಮುಗಿಯಿತು!

ಆ ಅಂಪೈರ್ ಬೇರೆ ಯಾರೂ ಅಲ್ಲ, ರೆಫ್ರಿಯ ಅಪ್ಪ ಪ್ಯಾಕಿ. ಕೆಳದರ್ಜೆಯ ಕ್ಲಬ್ಬುಗಳ ಪಂದ್ಯಕ್ಕೆ ರೆಫ್ರಿ ತನ್ನ ಅಂಪೈರುಗಳನ್ನು ತಾನೇ ಕರೆತರಬೇಕು. ಅಪ್ಪ, ಚಿಕ್ಕಪ್ಪ, ಭಾವ... ಕಾರಿನಲ್ಲಿ ಯಾರು ಹಿಡಿಸುತ್ತಾರೋ ಅವರು.

"ನಿಮ್ಮಮ್ಮನ ತವರು ಡ್ರಮ್‌ಲೆಕ್ ಅಲ್ವಾ?" ಡರ್ವ್ಲಾ ಬಿಡಲಿಲ್ಲ. "ತವರಿಗೆ ಚೆನ್ನಾಗಿಯೇ ಉಡುಗೊರೆ ಕೊಟ್ಟೆ! ಆ ಮುದಿ ಕತ್ತೆಗೆ ಬಿಳಿ ಕೋಟು ಹಾಕಿಸಿ ನಿಲ್ಲಿಸಿದ್ದು ಅದಕ್ಕೇ ತಾನೆ?"

ಲೋರ್ಕನ್‌ನ ಮುಖ ಬಿಳುಚಿತು. ಜೇಬಿಗೆ ಕೈ ಹೋಯಿತು. ಕೆಂಪು ಕಾರ್ಡು ಅವಳ ಮೂಗಿನ ನೇರಕ್ಕೆ ಎದ್ದು ನಿಂತಿತು.

"ನನಗೆ ಏನಾದರೂ ಅನ್ನಿ," ಎಂದ ಮೆಲ್ಲಗೆ. "ಅವರಿಗೆ ಬೇಡ."

ಆ ಕಣ್ಣುಗಳಲ್ಲಿ ಅವಳು ಹುಡುಕಿದ್ದು ಸೊಕ್ಕು. ಕಂಡದ್ದು ಬೇರೇನೋ... ಹೆದರಿಕೆಯೇ? ಇವನಿಗೇಕೆ ಹೆದರಿಕೆ? ಹಾಗೆಂದುಕೊಂಡದ್ದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಸಿಟ್ಟು ಬರದೆ ಇರುತ್ತದೆಯೇ? ಮುಂದಿನ ವರ್ಷ ಅವಳ ಕಿಲ್ವಾರ್ನ ಕ್ಲಬ್ಬೇ ಇರುವುದಿಲ್ಲ. ಹದಿನೈದು ಜನ ಆಟಗಾರರನ್ನು ಒಟ್ಟುಮಾಡುವುದೇ ಕಷ್ಟವಾಗಿ, ಡ್ರಮ್‌ಲೆಕ್ ಜೊತೆ ಸೇರಿಸುವುದೆಂದು ಆಗಲೇ ನಿರ್ಧಾರವಾಗಿತ್ತು. ನೂರೆರಡು ವರ್ಷದ ಹೆಸರು ಅಳಿಸಿಹೋಗುವ ಮೊದಲು ಒಂದೇ ಒಂದು ಸಲ ಕೌಂಟಿ ಫೈನಲ್ ಆಡಬೇಕು... ಡರ್ವ್ಲಾ ಮ್ಯಾನೇಜರ್ ಆಗಲು ಒಪ್ಪಿದ್ದೇ ಅದಕ್ಕೆ. ಸೆಮಿಫೈನಲ್‌ನಲ್ಲೇ ಆ ಅವಕಾಶವನ್ನು ಒಬ್ಬ ಮುದುಕನ ಎರಡು ಕೈಗಳು ಕಿತ್ತುಕೊಂಡಿದ್ದವು.

* * *

ಸೋಮವಾರ ಬೆಳಿಗ್ಗೆ ಅದೇ ಲೋರ್ಕನ್ ಅವಳ ಮುಂದೆ ಬಂದು ನಿಂತ. ಡರ್ವ್ಲಾ ಕೆಲಸ ಮಾಡುವುದು ಮೇವು, ಮೊಳೆ, ತಂತಿ ಮಾರುವ ಅಂಗಡಿಯಲ್ಲಿ. ಹತ್ತು ಮೈಲಿಗೆ ಅದೊಂದೇ ಅಂಗಡಿ.

"ಬೇಲಿ ಮೊಳೆ ಎರಡು ಕಿಲೋ ಕೊಡಿ."

"ಇಲ್ಲ."

ಅವಳ ಬೆನ್ನ ಹಿಂದೆಯೇ ಮೊಳೆಯ ಡಬ್ಬಿಗಳು ಸೂರಿನವರೆಗೆ ಪೇರಿಸಿದ್ದವು. ಲೋರ್ಕನ್ ಅವುಗಳನ್ನು ನೋಡಿದ. ಅವಳನ್ನು ನೋಡಿದ.

"ಅವು ಏನು?"

"ಯಾವುವು? ನಂಗೇನೂ ಕಾಣ್ತಿಲ್ವಲ್ಲ! ಎದುರಿಗಿದ್ದದ್ದು ಕಾಣದೆ ಇರೋದು ಈ ಕೌಂಟಿಯಲ್ಲಿ ಈಗ ಮಾಮೂಲು."

ಸಾಲಿನಲ್ಲಿ ನಿಂತಿದ್ದ ಇಬ್ಬರು ರೈತರು ಕಿಸಕ್ಕೆಂದರು. ಅವನು ವಾದ ಮಾಡಲಿಲ್ಲ, ಕೂಗಾಡಲೂ ಇಲ್ಲ. ಟೋಪಿ ಸರಿಮಾಡಿಕೊಂಡು ಹೊರಟೇಹೋದ. ಒಂದೇ ಒಂದು ತಿರುಗೇಟು ಕೊಟ್ಟಿದ್ದರೂ ಅವಳಿಗೆ ಸಮಾಧಾನವಾಗುತ್ತಿತ್ತು. ಈ ಸಭ್ಯತೆಯನ್ನು ಹೇಗೆ ಸಹಿಸುವುದು?

'ಇಲ್ಲ... ಇವನ ಬಾಯಿಂದಲೇ ಸತ್ಯ ಹೊರಡಿಸ್ತೀನಿ!'

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳು ಗಿಲ್‌ಹೀನಿಯವರ ತೋಟದ ಗೇಟಿನ ಮುಂದೆ ಕಾರು ನಿಲ್ಲಿಸಿದಳು. ಗೇಟಿಗೆ ಒರಗಿ ನಿಂತಿದ್ದ ಪ್ಯಾಕಿ ಅವಳತ್ತ ನೋಡಿ ಕೈ ಎತ್ತಿದ. ಯಾರೆಂದು ತಿಳಿಯಲಿಲ್ಲವೆಂಬುದು ಸ್ಪಷ್ಟವಾಗಿತ್ತು. ತಿಳಿದಿದ್ದರೆ ಕೈ ಎತ್ತುತ್ತಿದ್ದನೇ?

"ಬಾಮ್ಮ, ಬಾ! ಒಂದು ನಿಮಿಷ... ಆ ಕರಿ ಹೋರಿ ಮತ್ತೆ ಹುಲ್ಲುಗಾವಲಿಗೆ ನುಗ್ಗಿದೆ. ಹೋಗೋ ಶೆಪ್! ಓಡಿಸ್ಕೊಂಡು ಬಾ!"

ನಾಯಿ ಕದಲಲಿಲ್ಲ. ಮುದುಕನ ಮುಖ ನೋಡಿತು, ಬಾಲ ಇಳಿಬಿಟ್ಟು ಅಲ್ಲೇ ಕೂತಿತು. ಹುಲ್ಲುಗಾವಲಿನಲ್ಲಿ ಹೋರಿ ಇರಲಿಲ್ಲ. ಕಪ್ಪು ಪ್ಲಾಸ್ಟಿಕ್ ಸುತ್ತಿದ ಹುಲ್ಲಿನ ಉರುಳೆಯೊಂದು ಬಿದ್ದಿತ್ತು, ಅಷ್ಟೇ. ಮೂವತ್ತು ಮಾರು ದೂರದಲ್ಲಿ.

"ಹೋಗೋ ಸೋಮಾರಿ!" ಪ್ಯಾಕಿ ಮತ್ತೆ ಶಿಳ್ಳೆ ಹಾಕಿದ.

ಡರ್ವ್ಲಾ ಗೇಟಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ದೇವರೇ... ಈ ಮನುಷ್ಯನಿಗೆ ಕಣ್ಣೇ ಕಾಣುವುದಿಲ್ಲ!

ಕೊಟ್ಟಿಗೆಯಿಂದ ಓಡಿಬಂದ ಲೋರ್ಕನ್ ಅವಳ ತೋಳು ಹಿಡಿದು ಮರೆಗೆ ಕರೆದೊಯ್ದ. ಅವಳು ಕೊಸರಿಕೊಂಡಳು.

"ನಿಂಗೆ ಗೊತ್ತಿತ್ತು!"

"ಮೆತ್ತಗೆ ಮಾತಾಡಿ... ಪ್ಲೀಸ್."

"ಗೊತ್ತಿದ್ದೂ ಅವರನ್ನ ಕಂಬದ ಕೆಳಗೆ ನಿಲ್ಲಿಸಿದೆಯಾ? ನಿನಗೆ ಚೆಂಡು ಕಂಡಿತ್ತಾ? ನನ್ನ ಮುಖ ನೋಡಿ ಹೇಳು!"

ಅವನು ಮುಖ ನೋಡಿದ. "ಕಂಡಿತ್ತು. ಒಳಗೇ ಹೋಯ್ತು."

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಅದರ ಜೊತೆಗೇ... ಏನೋ ಒಂದು ಹಗುರ. ಎಲ್ಲರೂ "ಹೋಗ್ಲಿ ಬಿಡು" ಎನ್ನುತ್ತಿದ್ದಾಗ, ತನಗೆ ಹುಚ್ಚಲ್ಲವೆಂದು ಹೇಳಿದ ಮೊದಲನೆಯವನು ಇವನೇ!

"ಮೂವತ್ತೊಂದು ವರ್ಷದಿಂದ ಭಾನುವಾರ ಬಂದರೆ ಆ ಕೋಟು ಹಾಕ್ಕೊಂಡು ನಿಲ್ತಾರೆ," ಎಂದ ಲೋರ್ಕನ್. "ಅಮ್ಮ ಹೋದ ಮೇಲೆ ಇರೋದು ಅದೊಂದೇ. ಅಷ್ಟು ಜನರ ಮುಂದೆ ಅಪ್ಪನ ಮಾತು ಸುಳ್ಳು ಅಂತ ಹೇಗೆ ಹೇಳಲಿ?"

"ನನ್ನ ಹದಿನೈದು ಜನ ಬಟ್ಟೆ ಬದಲಾಯಿಸೋ ಕೋಣೇಲಿ ಟವೆಲ್‌ನಲ್ಲಿ ಮುಖ ಮುಚ್ಕೊಂಡು ಅತ್ತರು. ಅವರಿಗೂ ಇರೋದು ಅದೊಂದೇ! ನಿನ್ನಪ್ಪನ ಮರ್ಯಾದೆಗೆ ಬೆಲೆ ತೆರಬೇಕಾದದ್ದು ಅವರಾ?"

"ನಾಳೆ ಸಂಜೆಯೊಳಗೆ ಕೌಂಟಿ ಸಮಿತಿಗೆ ಪಂದ್ಯದ ವರದಿ ಕೊಡಬೇಕು," ಎಂದಷ್ಟೇ ಹೇಳಿದ.

"ಏನು ಬೇಕಾದರೂ ಬರಿ. ನಿನ್ನ ಮುಖ ನೋಡೋಕೂ ನಂಗಿಷ್ಟ ಇಲ್ಲ."

ಆದರೂ ಗೇಟು ದಾಟುವಾಗ ತಿರುಗಿ ನೋಡಿದಳು. ಅಪ್ಪನ ಪಕ್ಕದಲ್ಲಿ ನಿಂತು ಅವನು ಹುಲ್ಲಿನ ಉರುಳೆಯತ್ತ ಕೈ ತೋರಿಸಿ ಏನೋ ಹೇಳುತ್ತಿದ್ದ. ಮುದುಕ ನಗುತ್ತಿದ್ದ. ಹಾಳಾದವನು... ಅವಳ ಕಣ್ಣು ತುಂಬಿಬಂತು.

* * *

ಮಂಗಳವಾರ ಸಂಜೆ ಕ್ಲಬ್ಬಿನ ಸಭೆ. ಸ್ಯಾಂಡ್‌ವಿಚ್ಚಿನ ತಟ್ಟೆ ಯಾರೂ ಮುಟ್ಟದೆ ಒಣಗುತ್ತಿತ್ತು. ಅಧ್ಯಕ್ಷ ಹ್ಯೂಬರ್ಟ್ ಮೇಜು ಗುದ್ದಿದ.

"ಡರ್ವ್ಲಾ, ನೀನು ಅವರ ಮನೆಗೆ ಹೋಗಿದ್ದೆಯಂತೆ. ಪ್ಯಾಕಿಗೆ ಕಣ್ಣು ಮಂಜು ಅಂತ ಊರೆಲ್ಲ ಗುಸುಗುಸು. ನೀನು ನೋಡಿದ್ದನ್ನ ಕೌಂಟಿ ಸಮಿತಿಗೆ ಬರೆದು ಕೊಡು. ಕುರುಡನ್ನ ನಿಲ್ಲಿಸಿದ್ರು ಅಂತ ಬರಿ!"

"ನೋಡಿದೆ. ಬರೆಯಲ್ಲ."

"ತಲೆ ಕೆಟ್ಟಿದೆಯಾ ನಿಂಗೆ? ಫೈನಲ್ ಬೇಡ್ವಾ?"

"ನಿಮಗಿಂತ ಹೆಚ್ಚು ಬೇಕು ನಂಗೆ! ಆದರೆ ಒಬ್ಬ ಮುದುಕನ ಹೆಸರು ಇಡೀ ಕೌಂಟಿಯ ಹೆಂಡದಂಗಡಿಗಳಲ್ಲಿ ನಗೆಪಾಟಲಾಗೋದು ಬೇಡ. ತಪ್ಪು ಮಾಡಿದ್ದು ಸೀಟಿ ಊದಿದವನು. ಅವನ ಮೇಲೆ ಎಷ್ಟು ಬೇಕಾದರೂ ಬರೆದು ಕೊಡ್ತೀನಿ, ಹತ್ತು ಪುಟ!"

ಗದ್ದಲ ಎದ್ದಿತು. ಯಾರೋ ಅವಳನ್ನು ದ್ರೋಹಿ ಎಂದರು. ಮ್ಯಾಲಕಿಯೊಬ್ಬನೇ ತಲೆ ತಗ್ಗಿಸಿ ಕೂತಿದ್ದ. ತನ್ನ ಕೈಯಾರೆ ತನ್ನ ಹುಡುಗರ ಫೈನಲ್ ತಪ್ಪಿಸಿದೆನೇನೋ ಎಂದು ಡರ್ವ್ಲಾಗೆ ಅಳುಕಾಗುತ್ತಿತ್ತು. ಅಷ್ಟರಲ್ಲಿ ಹ್ಯೂಬರ್ಟ್‌ನ ಫೋನು ಸದ್ದು ಮಾಡಿತು.

"ರೆಫ್ರಿ ವರದಿ... ಎರಡೂ ಕ್ಲಬ್ಬಿಗೆ ಪ್ರತಿ ಕಳಿಸಿದ್ದಾನೆ." ಹ್ಯೂಬರ್ಟ್ ಕನ್ನಡಕ ಏರಿಸಿ ಓದತೊಡಗಿದ. "'ಕಿಲ್ವಾರ್ನದ ಕೊನೆಯ ಚೆಂಡು ಕಂಬಗಳ ಒಳಗೇ ಹೋಯಿತು. ನಾನು ಕಣ್ಣಾರೆ ಕಂಡೆ. ಅಂಪೈರನ ಸನ್ನೆಯನ್ನು ತಳ್ಳಿಹಾಕುವ ಅಧಿಕಾರ ನನಗಿತ್ತು. ತಳ್ಳಿಹಾಕಲಿಲ್ಲ. ತಪ್ಪು ನನ್ನೊಬ್ಬನದು.'"

ಡರ್ವ್ಲಾ ಕುರ್ಚಿಯ ಹಿಡಿ ಬಿಗಿಯಾಗಿ ಹಿಡಿದುಕೊಂಡಳು. ಬರೆದ! ಬರೆದೇಬಿಟ್ಟ!

"ಇನ್ನೂ ಇದೆ," ಎಂದ ಹ್ಯೂಬರ್ಟ್. "'ಪಂದ್ಯದ ನಂತರ ಕಿಲ್ವಾರ್ನದ ಮ್ಯಾನೇಜರ್ ಡರ್ವ್ಲಾ ಮಲ್ವಿ ಮೈದಾನಕ್ಕೆ ನುಗ್ಗಿ ಈ ಕೆಳಗಿನಂತೆ ಅಂದರು. ಒಂದು: ಕಣ್ಣು ಮನೆಯಲ್ಲಿಟ್ಟು ಬಂದಿದ್ದೀಯಾ. ಎರಡು: ತಾಯಿಯ ತವರಿಗೆ ಉಡುಗೊರೆ ಕೊಟ್ಟೆ. ಮೂರು: ಮುದಿ ಕ...'"

"ಸಾಕು!" ಎಂದು ಡರ್ವ್ಲಾ ಕಿರುಚಿದಳು.

ಮ್ಯಾಲಕಿ ಹೊಟ್ಟೆ ಹಿಡಿದು ನಗತೊಡಗಿದ. ಎರಡು ದಿನಗಳಲ್ಲಿ ಕಿಲ್ವಾರ್ನ ಕ್ಲಬ್ಬಿನಲ್ಲಿ ಕೇಳಿದ ಮೊದಲ ನಗು ಅದು.

* * *

ಪಂದ್ಯವನ್ನು ಮತ್ತೆ ಆಡಿಸಬೇಕೆಂದು ಸಮಿತಿ ಹೇಳಿತು. ಡರ್ವ್ಲಾ ಎಂಟು ವಾರ ಮೈದಾನದೊಳಗೆ ಕಾಲಿಡುವಂತಿಲ್ಲವೆಂದೂ ಹೇಳಿತು. ಲೋರ್ಕನ್‌ನ ಸೀಟಿಯನ್ನು ವರ್ಷದ ಮಟ್ಟಿಗೆ ಕಿತ್ತುಕೊಂಡರು.

ಹಾಗಾಗಿ ಮರುಪಂದ್ಯದ ಭಾನುವಾರ ಅವಳು ತಂತಿ ಬೇಲಿಯ ಹೊರಗೆ, ರಸ್ತೆಬದಿಯ ದಿಬ್ಬದ ಮೇಲೆ ನಿಂತಿದ್ದಳು. ತನ್ನ ಹುಡುಗರ ಪಕ್ಕದಲ್ಲಿರಬೇಕಾದ ದಿನ! ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿತ್ತು. ಆಗ ಅಪ್ಪನ ಕೈ ಹಿಡಿದುಕೊಂಡು ಲೋರ್ಕನ್ ದಿಬ್ಬ ಹತ್ತಿ ಬಂದ.

"ಒಳಗೆ ಜಾಗ ಇರಲಿಲ್ವಾ?" ಎಂದಳು.

"ನಿಮ್ಮೂರಿನವರ ಹತ್ತಿರ ಹೋದರೆ ಚರ್ಮ ಸುಲೀತಾರೆ. ವರದಿ ಓದಿದ ಮೇಲೆ ಡ್ರಮ್‌ಲೆಕ್‌ನ ಸೋದರಮಾವಂದಿರೂ ಮಾತಾಡ್ತಿಲ್ಲ."

"ಒಳ್ಳೇದೇ ಆಯ್ತು! ಚೆಂಡಿನ ವಿಷಯ ಬರೆದೆ, ಸರಿ. ನನ್ನ ಬೈಗುಳ ಯಾಕೆ ಬರೆದೆ? ಅದೂ ಒಂದು, ಎರಡು, ಮೂರು ಅಂತ!"

"ಒಂದು ಸಲ ಸುಳ್ಳು ಹೇಳಿ ನೋಡಿದೆ. ಒಂದು ಊರೇ ಅತ್ತಿತು. ಇನ್ನೊಂದು ಸಲ ನನ್ನ ಕೈಲಿ ಆಗಲಿಲ್ಲ."

ಪ್ಯಾಕಿ ಕೋಲೂರಿ ಅವಳತ್ತ ತಿರುಗಿದ. "ಆ ಹುಡುಗಿ ನೀನೇನಮ್ಮಾ? ಇವನು ಸೋಮವಾರವೇ ಆಲೂಗಡ್ಡೆ ತಿನ್ನೋವಾಗ ಎಲ್ಲ ಹೇಳಿದ. ಎರಡು ದಿನ ಇವನ ಜೊತೆ ಮಾತು ಬಿಟ್ಟಿದ್ದೆ. ಕಣ್ಣು ಹೋಗಿದೆ ಅಂದಿದ್ದಕ್ಕಲ್ಲ, ಅದು ನಂಗೆ ವರ್ಷದಿಂದ ಗೊತ್ತು. ನನಗೋಸ್ಕರ ಸುಳ್ಳು ಹೇಳು ಅಂತ ಇವನ್ನ ಯಾರು ಕೇಳಿದ್ರು?"

"ಗೊತ್ತಿತ್ತಾ? ಗೊತ್ತಿದ್ದೂ ನಿಂತ್ರಾ?"

"ಆ ಕೋಟು ಬಿಚ್ಚೋಕೆ ಭಯ ಆಯ್ತಮ್ಮಾ," ಎಂದ ಮುದುಕ. "ಬಿಚ್ಚಿದ ಮೇಲೆ ನಾನು ಯಾರು ಅಂತ..."

ಡರ್ವ್ಲಾ ಅವನ ಹತ್ತಿರ ಸರಿದು ಹೇಳಿದಳು: "ಮುದಿ ಅಂದಿದ್ದಕ್ಕೆ ಕ್ಷಮಿಸಿಬಿಡಿ. ಕತ್ತೆ ಅಂದಿದ್ದು ಹಾಗೇ ಇರಲಿ."

ಪ್ಯಾಕಿ ಕೆಮ್ಮು ಬರುವಷ್ಟು ನಕ್ಕ. ಆಮೇಲೆ ಅವಳ ತೋಳಿಗೆ ಕೈ ಹಾಕಿ, "ಆಟ ಶುರುವಾಯ್ತೇನೋ, ಏನಾಗ್ತಿದೆ ಹೇಳು," ಎಂದ.

ಅವಳು ಹೇಳಿದಳು. ಒಂದೊಂದು ಒದೆತ, ಯಾರು ಬಿದ್ದರು, ಯಾರು ಎದ್ದರು, ಎಲ್ಲವನ್ನೂ. ನಡುನಡುವೆ ಹೊಸ ರೆಫ್ರಿಯನ್ನೂ ಬೈದಳು. ಲೋರ್ಕನ್ ಪಕ್ಕದಲ್ಲಿ ನಿಂತು ಆಟಕ್ಕಿಂತ ಅವಳನ್ನೇ ಹೆಚ್ಚು ನೋಡಿದ. ಕೊನೆಯ ಸೀಟಿ ಊದಿದಾಗ ಕಿಲ್ವಾರ್ನ ನಾಲ್ಕು ಪಾಯಿಂಟು ಮುಂದಿತ್ತು.

ಫೈನಲ್! ಕಿಲ್ವಾರ್ನದ ಹೆಸರಲ್ಲೇ ಫೈನಲ್!

ಒಳಗೆ ಎಲ್ಲರೂ ಮ್ಯಾಲಕಿಯನ್ನು ಹೆಗಲ ಮೇಲೆ ಹೊತ್ತಿದ್ದರು. ಡರ್ವ್ಲಾ ತಂತಿಯನ್ನು ಎರಡೂ ಕೈಯಿಂದ ಹಿಡಿದು ಬಿಕ್ಕಿಬಿಕ್ಕಿ ಅತ್ತಳು. ಅವಳ ಹುಡುಗರು ಅಷ್ಟು ಹತ್ತಿರದಲ್ಲಿದ್ದರು, ಅವಳು ಹೋಗುವಂತಿರಲಿಲ್ಲ.

"ಮೇಲ್ಮನವಿ ಹಾಕಿ," ಎಂದ ಲೋರ್ಕನ್ ತಟ್ಟನೆ. "ನೀವು ಹಾಗೆ ಅಂದೇ ಇಲ್ಲ ಅನ್ನಿ. ನಾನು ಎದುರಾಡಲ್ಲ. ಫೈನಲ್ ದಿನ ನೀವು ಅಲ್ಲಿರಬೇಕು."

ಅವಳು ಕಣ್ಣೊರೆಸಿಕೊಂಡು ಅವನನ್ನು ದುರುಗುಟ್ಟಿ ನೋಡಿದಳು.

"ಅಂದಿದ್ದೀನಿ. ಅಷ್ಟನ್ನೂ ಅಂದಿದ್ದೀನಿ. ಸುಳ್ಳು ಹೇಳಿ ಒಳಗೆ ಹೋಗೋ ಹೆಂಗಸಲ್ಲ ನಾನು."

"ಗೊತ್ತು." ಎಂದ ಲೋರ್ಕನ್. "ನಮ್ಮನೇಲಿ ಒಂದು ವರ್ಷದಿಂದ ಅಪ್ಪ ನನ್ನ ಹತ್ರ ಮುಚ್ಚಿಡೋದು, ನಾನು ಅಪ್ಪನ ಹತ್ರ ಮುಚ್ಚಿಡೋದು. ನೀನೊಬ್ಬಳೇ ಬಂದು ಗಂಟಲು ಹರಿಯೋ ಹಾಗೆ ನಿಜ ಕೂಗಿದ್ದು. ಅವತ್ತಿಂದ ಆ ದನಿ ಬಿಟ್ಟರೆ ಬೇರೇನೂ ಕೇಳಿಸ್ತಿಲ್ಲ ನಂಗೆ. ಪ್ರೀತಿ ಅಂದರೆ ಹೀಗೇ ಏನೋ... ನಂಗೆ ಗೊತ್ತಿಲ್ಲ."

ಅವಳ ಎದೆಯಲ್ಲಿದ್ದ ಬೆಂಕಿ ಆರಲಿಲ್ಲ. ಆದರೆ ಅದು ಈಗ ಸುಡುತ್ತಿರಲಿಲ್ಲ.

"ನಂಗಿನ್ನೂ ಸಿಟ್ಟಿದೆ."

"ಇರಲಿ."

"ಬೇಗ ಇಳಿಯೋ ಸಿಟ್ಟಲ್ಲ."

"ನಂಗೇನೂ ಅವಸರ ಇಲ್ಲ."

ಅವಳು ತಂತಿಯಿಂದ ಒಂದು ಕೈ ಬಿಡಿಸಿ ಅವನ ಕೈ ಹಿಡಿದುಕೊಂಡಳು, ನೋಯುವಷ್ಟು ಬಿಗಿಯಾಗಿ.

"ಫೈನಲ್‌ಗೆ ನಾನು ಹೊರಗೇ ನಿಲ್ತೀನಿ," ಎಂದಳು. "ನನ್ನ ಪಕ್ಕ ನಿಂತ್ಕೊ. ಬೈಯೋಕೆ ಯಾರಾದರೂ ಬೇಕಲ್ಲ."